ಕಾರ್ಲೈಲ್ ಶಾಲೆಯ ಜೋಡಿ ಚಿತ್ರಗಳು

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮೂಲನಿವಾಸಿ ಮಕ್ಕಳಿಗಾಗಿ ನಡೆಯುತ್ತಿದ್ದ ಕಾರ್ಲೈಲ್ ವಸತಿ ಶಾಲೆಯ ಹಳೆಯ ಛಾಯಾಚಿತ್ರಗಳನ್ನು ತರಗತಿಯಲ್ಲಿ ತೋರಿಸಬೇಕೆಂದಿದ್ದೇನೆ. ಟಾಮ್ ಟಾರ್ಲಿನೋ ಎಂಬ ಯುವಕನ ಎರಡು ಚಿತ್ರಗಳಲ್ಲಿ ಎರಡನೆಯದರಲ್ಲಿ ಅವನ ಮೈಬಣ್ಣವೇ ತಿಳಿಯಾದಂತಿದೆ. ಮೂರು ವರ್ಷಗಳಲ್ಲಿ ಇದು ಸಾಧ್ಯವೇ? ಇಂಥ ಚಿತ್ರಗಳನ್ನು ಎಷ್ಟು ನಂಬಬಹುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಬಿಸಿಲಿನಿಂದ ದೂರವಿದ್ದರೆ ಬಣ್ಣ ತುಸು ತಿಳಿಯಾದೀತು, ಆದರೆ ಆ ಎರಡು ಚಿತ್ರಗಳ ನಡುವೆ ಕಾಣುವಷ್ಟು ಅಂತರಕ್ಕೆ ಮುಖದ ಮೇಲೆ ಬೆಳಕು ಬೀಳಿಸಿದ ಬಗೆಯನ್ನೂ ಚಿತ್ರ ಮುದ್ರಿಸಿದ ಬಗೆಯನ್ನೂ ಮುಖ್ಯ ಕಾರಣವೆಂದು ಹೇಳುವುದುಂಟು. ನವಾಹೋ ಜನಾಂಗದ ಟಾರ್ಲಿನೋ 1882ರ ಚಿತ್ರದಲ್ಲಿ ಉದ್ದ ಕೂದಲು, ಕಿವಿಯಲ್ಲಿ ದೊಡ್ಡ ಬಳೆಯಂಥ ಓಲೆ, ಕೊರಳಲ್ಲಿ ಹಾರ, ಹೆಗಲ ಮೇಲೆ ಕಂಬಳಿಯೊಂದಿಗೆ ಕುಳಿತಿದ್ದಾನೆ. 1885ರ ಚಿತ್ರದಲ್ಲಿ ಕೂದಲು ಕತ್ತರಿಸಿ ಬೈತಲೆ ತೆಗೆದಿದೆ, ಕೋಟು ಮತ್ತು ಟೈ ಬಂದಿವೆ. ಇವನ್ನು ತೆಗೆದವನು ಕಾರ್ಲೈಲ್ ಊರಿನಲ್ಲೇ ಸ್ಟುಡಿಯೋ ನಡೆಸುತ್ತಿದ್ದ ಜಾನ್ ಚೋಟ್. ಶಾಲೆಯನ್ನು 1879ರಲ್ಲಿ ಸ್ಥಾಪಿಸಿದ ಸೇನಾಧಿಕಾರಿ ರಿಚರ್ಡ್ ಪ್ರ್ಯಾಟ್ ಇಂಥ ಜೋಡಿ ಚಿತ್ರಗಳನ್ನು ಅಧಿಕಾರಿಗಳಿಗೂ ದಾನಿಗಳಿಗೂ ಕಳುಹಿಸಿ, ಶಾಲೆಗೆ ಬೆಂಬಲ ಕೇಳುತ್ತಿದ್ದ. ಆದ್ದರಿಂದ ನಾನು ಅವನ್ನು ಮೊದಲು ಜಾಹೀರಾತಾಗಿಯೂ ಆಮೇಲೆ ದಾಖಲೆಯಾಗಿಯೂ ಓದುತ್ತೇನೆ. 1886ರ ನವೆಂಬರಿನಲ್ಲಿ ಬಂದ ಚಿರಿಕಾಹುವಾ ಅಪಾಚೆ ಮಕ್ಕಳ ಜೋಡಿ ಚಿತ್ರದಲ್ಲಿ ಈ ಉದ್ದೇಶ ಇನ್ನೂ ನಿಚ್ಚಳವಾಗಿದೆ: ಅದೇ 11 ಮಕ್ಕಳನ್ನು ನಾಲ್ಕೇ ತಿಂಗಳ ನಂತರ ಸಮವಸ್ತ್ರ ತೊಡಿಸಿ ಮತ್ತೆ ಕೂರಿಸಲಾಗಿದೆ. ನಡುವಿನ ಕಾಲವನ್ನು ಮಕ್ಕಳು ಹೇಗೆ ಕಳೆದರೆಂಬುದು ಮಾತ್ರ ಯಾವ ಜೋಡಿಯಲ್ಲೂ ಸಿಗುವುದಿಲ್ಲ.

ಕಟ್ಟಡಗಳ ಚಿತ್ರಗಳನ್ನೂ ತಪ್ಪದೆ ತೋರಿಸಿ. ನನ್ನ ಮಟ್ಟಿಗೆ ಅವು ಮುಖಗಳಿಗಿಂತ ಹೆಚ್ಚು ಪ್ರಾಮಾಣಿಕ. ಶಾಲೆ ನಡೆದದ್ದು ಸೇನೆ ತೆರವು ಮಾಡಿದ್ದ ಹಳೆಯ ಬ್ಯಾರಕ್ಕುಗಳಲ್ಲಿ. ಉದ್ದನೆಯ ಜಗಲಿಗಳ ಆ ಕಟ್ಟಡಗಳು ಕವಾಯತು ಮೈದಾನವನ್ನು ಸುತ್ತುವರಿದಿವೆ. ಅಲ್ಲಿ ಸಾಲಾಗಿ ನಿಂತ ಮಕ್ಕಳನ್ನು ನೋಡಿದರೆ ಪಾಠಶಾಲೆಯೋ ದಂಡಿನ ಪಾಳೆಯವೋ ಎಂಬ ಅನುಮಾನ ಬರುತ್ತದೆ. 1777ರಲ್ಲಿ ಕಟ್ಟಿದ, ದಪ್ಪ ಕಲ್ಲುಗೋಡೆಗಳ, ಸಿಡಿಮದ್ದು ಇಡುವ ಮದ್ದಿನಮನೆಯೂ ಅಲ್ಲಿದೆ. ನಿಯಮ ಮೀರಿದ ವಿದ್ಯಾರ್ಥಿಗಳನ್ನು ಕೂಡಿಹಾಕಲು ಅದನ್ನು ಬಳಸುತ್ತಿದ್ದರು. ವಿದ್ಯಾರ್ಥಿಗಳಿಗೆ ಅದರ ಚಿತ್ರ ತೋರಿಸುವಾಗ ಈ ಮಾತನ್ನು ಹೇಳದಿದ್ದರೆ ಅದೊಂದು ಚೆಂದದ ಪುರಾತನ ಕಟ್ಟಡವಾಗಿ ಮಾತ್ರ ಉಳಿದುಬಿಡುತ್ತದೆ.

ಚಿತ್ರದ ಕೆಳಗೆ ಏನು ಬರೆಯಬೇಕು ಎಂಬುದಕ್ಕೂ ಒಂದು ಸಲಹೆಯಿದೆ. ತೆಗೆದವರು, ವರ್ಷ, ಅದನ್ನು ಯಾರಿಗಾಗಿ ತೆಗೆದರು, ಮಗುವಿನ ಜನಾಂಗ ಮತ್ತು ಸಿಕ್ಕಿದರೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಇಷ್ಟನ್ನಾದರೂ ನಮೂದಿಸಿ. 1879ರ ಮೊದಲ ತಂಡದಲ್ಲಿ ಬಂದ ಲಕೋಟಾ ಹುಡುಗ ಓಟಾ ಕ್ಟೇ, ತನಗೆ ಓದಲು ಬಾರದ ಇಂಗ್ಲಿಷ್ ಹೆಸರುಗಳನ್ನು ಬರೆದಿದ್ದ ಕಪ್ಪುಹಲಗೆಯ ಮೇಲೆ ಕೋಲಿನಿಂದ ಒಂದು ಹೆಸರನ್ನು ತೋರಿಸಿದ್ದರಿಂದ ಲೂಥರ್ ಆದ. ಮುಂದೆ ಲೂಥರ್ ಸ್ಟ್ಯಾಂಡಿಂಗ್ ಬೇರ್ ಎಂದು ಪ್ರಸಿದ್ಧನಾದ.

ಕೊನೆಗೆ, ಶಾಲೆಯಲ್ಲಿದ್ದಾಗ ತೀರಿಕೊಂಡ ಮಕ್ಕಳ ಸ್ಮಶಾನದ ಒಂದು ಚಿತ್ರವನ್ನೂ ಸೇರಿಸಿಕೊಳ್ಳಿ. ಶಾಲೆ 1918ರಲ್ಲಿ ಮುಚ್ಚಿತು. ಗೋರಿಗಳನ್ನು 1927ರಲ್ಲಿ ಸ್ಥಳಾಂತರಿಸಲಾಯಿತು. ಮಕ್ಕಳ ಅವಶೇಷಗಳನ್ನು ಅವರ ಜನರಿಗೆ ಮರಳಿಸುವ ಕೆಲಸ 2017ರಲ್ಲಿ ಆರಂಭವಾಯಿತು. ಸೈನಿಕರ ಗೋರಿಗಳಂತೆಯೇ ಸಾಲಾಗಿ ನಿಂತ ಆ ಬಿಳಿಯ ಕಲ್ಲುಗಳಲ್ಲಿ ಕೆಲವುಗಳ ಮೇಲೆ ಹೆಸರಿಲ್ಲ, ‘ಅಜ್ಞಾತ’ ಎಂಬರ್ಥದ ಒಂದು ಪದವಷ್ಟೇ ಇದೆ.