ಓದುಗರ ಪ್ರಶ್ನೆ: ನಾಲ್ಕು ಅಡಿ ಹನ್ನೊಂದು ಇಂಚಿನ ಚಾಂಪಿಯನ್

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಐದು ವರ್ಷದಿಂದ ಟೇಬಲ್ ಟೆನಿಸ್ ಆಡುತ್ತಿದ್ದಾಳೆ. ಮೊನ್ನೆ ಆಯ್ಕೆಗೆ ಹೋದಾಗ ‘ಆಟ ಚೆನ್ನಾಗಿದೆ, ಆದರೆ ಎತ್ತರ ಸಾಲದು’ ಎಂದು ವಾಪಸ್ ಕಳಿಸಿದರು. ಅವತ್ತಿನಿಂದ ಬ್ಯಾಟ್ ಮುಟ್ಟಿಲ್ಲ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಹದಿಮೂರನೇ ವಯಸ್ಸಿನಲ್ಲಿ ನನಗೂ ಒಬ್ಬರು ಇದೇ ಮಾತು ಹೇಳಿದ್ದರು. ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದರು. ಒಂದು ಸರ್ವಿಸ್ ಮಾಡುವುದಕ್ಕೂ ಬಿಡಲಿಲ್ಲ. ಆ ಗೆರೆ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆಮೇಲೆ ಎಷ್ಟೋ ವರ್ಷ ಆಡಿದೆ, ಈಗ ಮಕ್ಕಳಿಗೆ ಕಲಿಸುತ್ತೇನೆ. ಕುಳ್ಳಗಿರುವ ಹುಡುಗಿ ಯಾರೇ ಬರಲಿ, ಮೊದಲು ಡೆಂಗ್ ಯಾಪಿಂಗ್ ಕಥೆ ಹೇಳುತ್ತೇನೆ. ನಿಮ್ಮ ಮಗಳಿಗೂ ಅದನ್ನೇ ಹೇಳಿ.

ಡೆಂಗ್ ಹುಟ್ಟಿದ್ದು 1973ರಲ್ಲಿ, ಚೀನಾದ ಹೆನಾನ್ ಪ್ರಾಂತ್ಯದ ಝೆಂಗ್‌ಝೌನಲ್ಲಿ. ಅಪ್ಪನೇ ಕೋಚ್. ಐದನೇ ವಯಸ್ಸಿಗೆ ಕೈಗೆ ಬ್ಯಾಟ್ ಬಂತು. ಹುಡುಗಿ ಚುರುಕಾಗಿದ್ದಳು, ಆದರೂ ಪ್ರಾಂತ್ಯದ ತಂಡದವರು ಬೇಡ ಅಂದರು. ಕಾರಣ ನಿಮ್ಮ ಮಗಳಿಗೆ ಹೇಳಿದ್ದೇ. 13ನೇ ವಯಸ್ಸಿಗೆ ರಾಷ್ಟ್ರೀಯ ಚಾಂಪಿಯನ್ ಆದಳು. ಅಷ್ಟಾದರೂ ರಾಷ್ಟ್ರೀಯ ತಂಡದ ಬಾಗಿಲು ತೆರೆದದ್ದು 1988ರಲ್ಲಿ. ಮರುವರ್ಷವೇ ಡಾರ್ಟ್‌ಮಂಡ್‌ನಲ್ಲಿ ಚಿಯಾವ್ ಹಾಂಗ್ ಜೊತೆ ಡಬಲ್ಸ್ ವಿಶ್ವ ಚಾಂಪಿಯನ್! ಆಗ ಅವಳಿಗೆ ಬರೀ 16.

ಮುಂದಿನದು ನಿಮಗೂ ಗೊತ್ತಿರಬಹುದು. ಸಿಂಗಲ್ಸ್‌ನಲ್ಲಿ ಮೂರು ಸಲ ವಿಶ್ವ ಚಾಂಪಿಯನ್. 1992ರ ಬಾರ್ಸಿಲೋನಾ ಮತ್ತು 1996ರ ಅಟ್ಲಾಂಟಾ, ಎರಡೂ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್, ಡಬಲ್ಸ್ ಚಿನ್ನ. ಅವರ ಎತ್ತರ ಸುಮಾರು 150 ಸೆಂಟಿಮೀಟರ್, ಅಂದರೆ ನಾಲ್ಕು ಅಡಿ ಹನ್ನೊಂದು ಇಂಚು.

ಎತ್ತರ ಲೆಕ್ಕಕ್ಕೇ ಇಲ್ಲ ಅಂತ ಮಗಳಿಗೆ ಹೇಳಬೇಡಿ. ಅದು ಸುಳ್ಳು, ಅವಳಿಗೂ ಗೊತ್ತಾಗುತ್ತದೆ. ಟೇಬಲ್ ಎತ್ತರ ಎಲ್ಲರಿಗೂ 76 ಸೆಂಟಿಮೀಟರೇ. ನೆಟ್ಟಿನ ಪಕ್ಕ ಬಿದ್ದ ಚೆಂಡಿಗೆ ಗಿಡ್ಡ ಕೈ ಸುಲಭಕ್ಕೆ ಎಟುಕುವುದಿಲ್ಲ. ಫೋರ್‌ಹ್ಯಾಂಡ್ ಮೂಲೆಗೆ, ಅಂದರೆ ಬ್ಯಾಟ್ ಹಿಡಿದ ಕೈ ಕಡೆಯ ಮೂಲೆಗೆ ಹೋದ ಚೆಂಡಿಗೆ ಒಂದು ಹೆಜ್ಜೆ ಜಾಸ್ತಿ ಇಡಬೇಕು. ಡೆಂಗ್ ಮಾಡಿದ್ದು ಏನು ಅಂದರೆ, ಟೇಬಲ್‌ಗೆ ಅಂಟಿಕೊಂಡ ಹಾಗೆ ನಿಂತರು. ಹಿಂದೆ ಸರಿದಷ್ಟೂ ನಾವು ಕಾಯಬೇಕಾದ ಜಾಗ ಅಗಲವಾಗುತ್ತದೆ, ಹತ್ತಿರ ನಿಂತಷ್ಟೂ ಕಿರಿದಾಗುತ್ತದೆ. ಚೆಂಡು ಪುಟಿದು ಮೇಲೇಳುವಾಗಲೇ ಹೊಡೆದುಬಿಟ್ಟರೆ ಎದುರಾಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಆದರೆ ಹಾಗೆ ನಿಲ್ಲಲು ಕಾಲು ಒಂದು ಕ್ಷಣವೂ ನಿಲ್ಲಬಾರದು. ಅವರ ಹಳೇ ಪಂದ್ಯಗಳನ್ನು ನೋಡುವಾಗ ಚೆಂಡನ್ನು ಬಿಟ್ಟು ಬರೀ ಪಾದ ನೋಡು ಅಂತ ಮಗಳಿಗೆ ಹೇಳಿ. ನಾನು ನನ್ನ ಹುಡುಗಿಯರಿಗೆ ಹಾಗೇ ತೋರಿಸುವುದು.

ಪ್ರಶ್ನೆ: ಡೆಂಗ್ ಬ್ಯಾಟಿನಲ್ಲಿ ಏನೋ ವಿಶೇಷ ಇತ್ತಂತೆ, ನಿಜವೇ?

ಉತ್ತರ: ನಿಜ. ಫೋರ್‌ಹ್ಯಾಂಡ್ ಕಡೆ ಎಲ್ಲರ ಹಾಗೆ ನುಣುಪಾದ ರಬ್ಬರ್, ಬ್ಯಾಕ್‌ಹ್ಯಾಂಡ್ ಕಡೆ ಲಾಂಗ್ ಪಿಂಪಲ್. ಅಂದರೆ ತೆಳ್ಳಗೆ, ಉದ್ದಕ್ಕೆ ಎದ್ದು ನಿಂತ ಗುಳ್ಳೆಗಳು. ಚೆಂಡು ತಾಗಿದ ಕೂಡಲೇ ಅವು ಬಾಗುತ್ತವೆ, ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಚೆಂಡು ಯಾವ ಕಡೆ ತಿರುಗುತ್ತಿತ್ತೋ ಬಹುಮಟ್ಟಿಗೆ ಅದೇ ಕಡೆ ತಿರುಗುತ್ತಾ ವಾಪಸ್ ಹೋಗುತ್ತದೆ. ನೀವು ಟಾಪ್‌ಸ್ಪಿನ್ (ಮುಂದಕ್ಕೆ ಉರುಳುವ ತಿರುಗು) ಹಾಕಿ ಕಳಿಸಿದ್ದು ನಿಮಗೇ ಬ್ಯಾಕ್‌ಸ್ಪಿನ್ (ಹಿಮ್ಮುಖ ತಿರುಗು) ಆಗಿ ಬರುತ್ತದೆ. ಅಭ್ಯಾಸಬಲದಿಂದ ಬೀಸಿದಿರೋ, ಚೆಂಡು ಸೀದಾ ನೆಟ್ಟಿಗೆ. ಆಮೇಲೆ ಬಂದ ಸಡಿಲ ಚೆಂಡಿಗೆ ಡೆಂಗ್ ಫೋರ್‌ಹ್ಯಾಂಡ್ ಕಾದಿರುತ್ತಿತ್ತು.

ಇದನ್ನು ಮೋಸ ಅನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಬ್ಯಾಟಿನ ಎರಡೂ ಕಡೆ ಒಂದೇ ಬಣ್ಣ ಇದ್ದ ಕಾಲದಲ್ಲಿ, ಕೈಯಲ್ಲೇ ತಿರುಗಿಸಿ ಆಡಿದರೆ ಯಾವ ರಬ್ಬರ್ ತಾಗಿತು ಅಂತ ತಿಳಿಯುತ್ತಿರಲಿಲ್ಲ. ಅದಕ್ಕೇ 1980ರ ದಶಕದಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು ಎಂಬ ನಿಯಮ ಬಂತು. ಡೆಂಗ್ ವಿಶ್ವ ಮಟ್ಟದಲ್ಲಿ ಗೆದ್ದದ್ದೆಲ್ಲ ಆ ನಿಯಮ ಬಂದ ಮೇಲೆ. ಎದುರಾಳಿಗೆ ಬಣ್ಣ ಕಾಣುತ್ತಲೇ ಇತ್ತು, ಅಲ್ವಾ?

ಪ್ರಶ್ನೆ: ಅವರು ಸೋತದ್ದೇ ಇಲ್ಲವೇ?

ಉತ್ತರ: ಸೋತಿದ್ದಾರೆ, ನೋವಾಗುವ ಹಾಗೆ. 1991ರಲ್ಲಿ ಜಪಾನಿನ ಚಿಬಾದಲ್ಲಿ ನಡೆದ ವಿಶ್ವ ಕೂಟಕ್ಕೆ ಎರಡೂ ಕೊರಿಯಾ ಸೇರಿ ಒಂದೇ ತಂಡವಾಗಿ ಬಂದಿದ್ದವು. ಮಹಿಳಾ ತಂಡಗಳ ಫೈನಲ್‌ನಲ್ಲಿ ಯೂ ಸುನ್-ಬೋಕ್ ಎದುರು ಡೆಂಗ್ ಸೋತರು, ಚೀನಾ 3-2ರಿಂದ ಪ್ರಶಸ್ತಿ ಕಳೆದುಕೊಂಡಿತು. ಅದೇ ಕೂಟದಲ್ಲಿ, ಅದೇ ಕೊರಿಯಾ ತಂಡದ ಲೀ ಬುನ್-ಹುಯಿಯನ್ನು ಸೋಲಿಸಿ ಮೊದಲ ಸಿಂಗಲ್ಸ್ ವಿಶ್ವ ಪ್ರಶಸ್ತಿ ಗೆದ್ದರು.

ನನಗೆ ಇಷ್ಟದ ಪಂದ್ಯ ಮಾತ್ರ ಅಟ್ಲಾಂಟಾ ಫೈನಲ್. ಎದುರಿಗಿದ್ದವರು ಚೆನ್ ಜಿಂಗ್. 1988ರಲ್ಲಿ ಚೀನಾ ಪರ ಒಲಿಂಪಿಕ್ ಚಿನ್ನ ಗೆದ್ದು, ಆಮೇಲೆ ತೈವಾನ್ ಪರ ಆಡಿದವರು. ಡೆಂಗ್ ಮೊದಲ ಎರಡು ಗೇಮ್ ಗೆದ್ದರು. ಮುಂದಿನ ಎರಡು ಕೈ ಬಿಟ್ಟವು, ಮೂರನೆಯದು 22-20ರಲ್ಲಿ. ಆಗ ಗೇಮ್‌ಗೆ 21 ಪಾಯಿಂಟ್. ಗೆಲುವು ಬಾಯಿಗೆ ಬಂದು ಹೋದ ಮೇಲೆ ಮತ್ತೆ ಟೇಬಲ್ ಮುಂದೆ ನಿಲ್ಲುವುದು ಎಷ್ಟು ಕಷ್ಟ ಅಂತ ಆಡಿದವರಿಗೇ ಗೊತ್ತು. ಐದನೇ ಗೇಮ್ ಡೆಂಗ್ ಗೆದ್ದದ್ದು 21-5ರಿಂದ. ಎಷ್ಟು ಸಲ ನೋಡಿದರೂ ನನ್ನ ಅಂಗೈ ಬೆವರುತ್ತದೆ.

ಪ್ರಶ್ನೆ: ಡಬಲ್ಸ್ ಜೊತೆಗಾತಿಯನ್ನೇ ಫೈನಲ್‌ನಲ್ಲಿ ಸೋಲಿಸಿದ್ದರಂತೆ?

ಉತ್ತರ: ಹೌದು, ಬಾರ್ಸಿಲೋನಾದಲ್ಲಿ. 1995ರ ತಿಯಾಂಜಿನ್ ವಿಶ್ವ ಕೂಟದ ಫೈನಲ್‌ನಲ್ಲೂ. ಎರಡೂ ಸಲ ಎದುರಿಗಿದ್ದವರು ಚಿಯಾವ್ ಹಾಂಗ್. ಅವರೂ 1989ರ ಸಿಂಗಲ್ಸ್ ವಿಶ್ವ ಚಾಂಪಿಯನ್. ಎಲ್ಲರೂ ಡೆಂಗ್ ಬಗ್ಗೆ ಬರೆಯುತ್ತಾರೆ, ನಾನೂ ಬರೆಯುತ್ತಿದ್ದೇನೆ. ಆದರೆ ಸಿಂಗಲ್ಸ್‌ನಲ್ಲಿ ಸೋಲಿಸಿದವಳ ಪಕ್ಕದಲ್ಲೇ ನಿಂತು ಎರಡು ಒಲಿಂಪಿಕ್ ಡಬಲ್ಸ್ ಚಿನ್ನ ಗೆದ್ದ ಹೆಂಗಸು ಚಿಯಾವ್. ನನ್ನ ಮಟ್ಟಿಗೆ ಅವರದೂ ಅಷ್ಟೇ ದೊಡ್ಡ ಹೆಸರು.

ಪ್ರಶ್ನೆ: 24ನೇ ವಯಸ್ಸಿಗೇ ಆಟ ಬಿಟ್ಟು ಏನು ಮಾಡಿದರು?

ಉತ್ತರ: ಓದಿದರು. ಬೀಜಿಂಗ್‌ನ ಚಿಂಗ್‌ಹ್ವಾ ವಿಶ್ವವಿದ್ಯಾಲಯಕ್ಕೆ ಇಂಗ್ಲಿಷ್ ಕಲಿಯಲು ಸೇರಿದಾಗ ಅಕ್ಷರಮಾಲೆಯೂ ಸರಿಯಾಗಿ ಬರುತ್ತಿರಲಿಲ್ಲ. ಅಲ್ಲಿಂದ ನಾಟಿಂಗ್‌ಹ್ಯಾಮ್‌ನಲ್ಲಿ ಎಂ.ಎ., 2008ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌.ಡಿ. ನಾಟಿಂಗ್‌ಹ್ಯಾಮ್‌ನ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಚೀನಾದ ಮಹಿಳಾ ಟೇಬಲ್ ಟೆನಿಸ್. ಹೆಣ್ಣುಮಕ್ಕಳ ಪಾದ ಬೆಳೆಯದ ಹಾಗೆ ಬಿಗಿದು ಕಟ್ಟುತ್ತಿದ್ದ ಕಾಲದಿಂದ ಒಲಿಂಪಿಕ್ ಚಿನ್ನದವರೆಗಿನ ದಾರಿ. ಅಷ್ಟು ಓಡಿದ ಪಾದಗಳವರು ಅದನ್ನು ಬರೆದರು ಅಂತ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಲಾಂಗ್ ಪಿಂಪಲ್ ಹಾಕಿಸಲೇ?

ಉತ್ತರ: ಈಗಲೇ ಬೇಡ. ಎರಡು ಮೂರು ವರ್ಷ ಎರಡೂ ಕಡೆ ನುಣುಪು ರಬ್ಬರಿನಲ್ಲೇ ಆಡಲಿ. ಸ್ಪಿನ್ ಹಾಕುವುದು ಕೈಗೆ ಕೂರಲಿ. ಆಮೇಲೆ ಕೋಚ್ ಜೊತೆ ಕೂತು ಯೋಚಿಸಿ.