ವಾಹನ ಜಿಜ್ಞಾಸೆ: ಬ್ರುಟಾಲೆ 1000 ಸೇರಿಯೆ ಓರೊ

ಪ್ರಶ್ನೆ: ಇಟಲಿಯ ಎಂವಿ ಅಗುಸ್ತಾ ಕಂಪನಿಯು ಬ್ರುಟಾಲೆ 1000 ಸೇರಿಯೆ ಓರೊ (ಚಿನ್ನದ ಸರಣಿ) ಎಂಬ ಬೈಕನ್ನು 300 ಮಾತ್ರ ತಯಾರಿಸಿದೆಯೆಂದು ಓದಿದ್ದೇನೆ. ಸಂಖ್ಯೆ ಕಡಿಮೆಯೆಂಬುದೊಂದೇ ಅದರ ಹೆಗ್ಗಳಿಕೆಯೋ, ಯಂತ್ರದ ದೃಷ್ಟಿಯಿಂದಲೂ ಅದು ಬೇರೆಯೋ?

ಉತ್ತರ: 300 ಎಂಬ ಈ ಸಂಖ್ಯೆಗೆ ಆ ಕಂಪನಿಯಲ್ಲಿ ಒಂದು ಪರಂಪರೆಯೇ ಇದೆ. 1945ರಲ್ಲಿ ಸ್ಥಾಪನೆಯಾದ ಎಂವಿ ಅಗುಸ್ತಾ ಮೊದಲು ಹೆಸರು ಮಾಡಿದ್ದು ರೇಸುಗಳಲ್ಲಿ. ಇಟಲಿಯ ರೇಸ್ ಸವಾರ ಜಾಕೊಮೊ ಅಗೊಸ್ತಿನಿ ಗೆದ್ದ 15 ವಿಶ್ವ ಚಾಂಪಿಯನ್ ಪಟ್ಟಗಳಲ್ಲಿ 13 ಈ ಕಂಪನಿಯ ಬೈಕುಗಳ ಮೇಲೆ ಬಂದವು. ಬಳಿಕ ತಯಾರಿಕೆ ನಿಂತುಹೋಗಿ, 1990ರ ದಶಕದಲ್ಲಿ ಇಟಲಿಯ ಬೈಕ್ ತಯಾರಕ ಕಾಜಿವಾ ಸಂಸ್ಥೆಯ ಕ್ಲಾಡಿಯೊ ಕಾಸ್ತಿಲ್ಯೋನಿ ಆ ಹೆಸರಿಗೆ ಮರುಜೀವ ನೀಡಿದಾಗ, ಡುಕಾಟಿ ಕಂಪನಿಯ 916 ಬೈಕಿನ ವಿನ್ಯಾಸಕಾರ ಮಾಸ್ಸಿಮೊ ತಂಬುರಿನಿ ಅವರು ರೂಪಿಸಿದ ಎಫ್4 ಬೈಕು 1997ರಲ್ಲಿ ಮಿಲಾನ್ ಬೈಕ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದರ ಮೊದಲ ಆವೃತ್ತಿಯಾದ ಸೇರಿಯೆ ಓರೊ 300 ಬೈಕುಗಳಿಗೆ ಸೀಮಿತವಾಗಿತ್ತು. ಕೆಲವು ವರ್ಷಗಳ ತರುವಾಯ, ಮೈಮೇಲೆ ಹೊದಿಕೆಯಿಲ್ಲದ ಬ್ರುಟಾಲೆಯನ್ನು ಹೊರತಂದಾಗಲೂ ಮೊದಲು ಬಂದದ್ದು ಅದೇ ಹೆಸರಿನ, ಅಷ್ಟೇ ಸಂಖ್ಯೆಯ ಆವೃತ್ತಿ. ನೀವು ಕೇಳಿರುವ 1000 ಸೇರಿಯೆ ಓರೊ 2018ರ ಮಿಲಾನ್ ಪ್ರದರ್ಶನದಲ್ಲಿ ಅನಾವರಣಗೊಂಡಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಈ ಆವೃತ್ತಿಯ ಹಿಂದೆಯೇ ಬಂದ ಬ್ರುಟಾಲೆ 1000 ಆರ್‌ಆರ್ ಸೀಮಿತ ಆವೃತ್ತಿಯಲ್ಲ. ಆದರೂ ಅದರಲ್ಲಿರುವುದು 208 ಅಶ್ವಶಕ್ತಿಯ ಅದೇ 998 ಸಿಸಿ ಎಂಜಿನ್. ಉಕ್ಕಿನ ಕೊಳವೆಗಳನ್ನು ಹೆಣೆದು ಬೆಸೆದ ಚೌಕಟ್ಟು, ಹಿಂಬದಿಯ ಚಕ್ರವನ್ನು ಒಂದೇ ಪಕ್ಕದಿಂದ ಹಿಡಿದಿರುವ ತೋಳು, ವಿದ್ಯುನ್ಮಾನ ನಿಯಂತ್ರಣದ ಓಲಿನ್ಸ್ ಕಂಪನಿಯ ಸಸ್ಪೆನ್ಷನ್, ಮುಂದಿನ ಚಕ್ರದ 320 ಮಿಲಿಮೀಟರ್ ವ್ಯಾಸದ ಎರಡು ಬ್ರೇಕ್ ಡಿಸ್ಕುಗಳು ಎರಡಕ್ಕೂ ಸಮಾನ. 300 ಮಂದಿಗೆ ಮಾತ್ರ ದಕ್ಕಿದ್ದು ಕಾರ್ಬನ್ ಫೈಬರಿನ ಚಕ್ರಗಳು ಮತ್ತು ಹೊರಮೈ ಭಾಗಗಳು, ಟೈಟಾನಿಯಂ ಎಕ್ಸಾಸ್ಟ್, ಚಿನ್ನದ ಬಣ್ಣದ ಲೇಪ ಹಾಗೂ ಕ್ರಮಸಂಖ್ಯೆಯ ಫಲಕ. ಇವುಗಳಲ್ಲಿ ಸವಾರಿಯ ಗುಣವನ್ನೇ ಬದಲಿಸುವುದು ಚಕ್ರಗಳು. ಓಡುವ ಬೈಕಿನಲ್ಲಿ ಚಕ್ರವು ಮುಂದಕ್ಕೆ ಸಾಗುವುದರ ಜೊತೆಗೆ ತನ್ನ ಸುತ್ತಲೇ ತಿರುಗುತ್ತಲೂ ಇರುವುದರಿಂದ, ಅದರ ಅಂಚಿನಲ್ಲಿ ಉಳಿಸಿದ ತೂಕವು ಸೀಟಿನ ಕೆಳಗೆ ಉಳಿಸಿದ ತೂಕಕ್ಕಿಂತ ಹೆಚ್ಚು ಫಲ ಕೊಡುತ್ತದೆ: ವೇಗ ಏರಿಸುವಾಗ, ಬ್ರೇಕ್ ಹಿಡಿಯುವಾಗ, ಎಲ್ಲಕ್ಕಿಂತ ಮಿಗಿಲಾಗಿ ಒಂದು ತಿರುವಿನಿಂದ ಎದುರು ದಿಕ್ಕಿನ ಇನ್ನೊಂದು ತಿರುವಿಗೆ ಬೈಕನ್ನು ಬಾಗಿಸುವಾಗ ಅದು ಸವಾರನ ತೋಳಿಗೆ ನೇರವಾಗಿ ತಿಳಿಯುತ್ತದೆ. ಆದುದರಿಂದ ಆ ಎಂಜಿನ್ನಿಗೆ ಮನಸೋತವರು ಸೇರಿಯೆ ಓರೊವನ್ನೇ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ: 998 ಸಿಸಿ ಎಂಜಿನ್ನಿನಿಂದ 208 ಅಶ್ವಶಕ್ತಿ ಹೊರಡುವುದು ಹೇಗೆ? ಟರ್ಬೊ ಇದೆಯೇ?

ಉತ್ತರ: ಗಾಳಿಯನ್ನು ಒತ್ತಡದಿಂದ ಎಂಜಿನ್ನಿಗೆ ತುಂಬುವ ಟರ್ಬೊ ಇಲ್ಲ. ಶಕ್ತಿಯೆಂದರೆ ತಿರುಗುಬಲ ಮತ್ತು ತಿರುಗುವ ವೇಗಗಳ ಗುಣಲಬ್ಧ. ಹೊರಗಿನ ಗಾಳಿಯನ್ನು ತಾನಾಗಿಯೇ ಎಳೆದುಕೊಳ್ಳುವ ಎಂಜಿನ್ನಿನಲ್ಲಿ ಇಷ್ಟೇ ಗಾತ್ರದಿಂದ ಪಡೆಯಬಹುದಾದ ತಿರುಗುಬಲಕ್ಕೆ ಒಂದು ಮಿತಿಯಿದೆ. ಇದರಲ್ಲಿ ಅದು 116.5 ನ್ಯೂಟನ್ ಮೀಟರ್. ಹಾಗಾಗಿ ಉಳಿದಿರುವ ದಾರಿ ವೇಗವಾಗಿ ತಿರುಗಿಸುವುದು. ಈ ಎಂಜಿನ್ ತನ್ನ ಗರಿಷ್ಠ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ 13,000 ಸುತ್ತುಗಳಲ್ಲಿ.

ಅಷ್ಟು ವೇಗದಲ್ಲಿ ಪ್ರತಿಯೊಂದು ಪಿಸ್ಟನ್ ಸೆಕೆಂಡಿಗೆ 430ಕ್ಕೂ ಹೆಚ್ಚು ಬಾರಿ ನಿಂತು ದಿಕ್ಕು ಬದಲಿಸಬೇಕು. ಸುತ್ತಿನ ವೇಗ ಇಮ್ಮಡಿಯಾದರೆ ಪಿಸ್ಟನ್ನನ್ನು ಕ್ರ್ಯಾಂಕ್ ದಂಡಕ್ಕೆ (ಎಂಜಿನ್ನಿನ ತಿರುಗುವ ಮುಖ್ಯ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಎಳೆತ ನಾಲ್ಕು ಪಟ್ಟಾಗುತ್ತದೆ. ಇದನ್ನು ತಾಳಿಕೊಳ್ಳಲು ವಿನ್ಯಾಸಕಾರರು ಎರಡು ಉಪಾಯಗಳನ್ನು ಹಿಡಿದಿದ್ದಾರೆ. ಸಿಲಿಂಡರಿನ ವ್ಯಾಸ 79 ಮಿಲಿಮೀಟರ್ ಇದ್ದು, ಪಿಸ್ಟನ್ ಚಲಿಸುವ ದೂರ 50.9 ಮಿಲಿಮೀಟರ್ ಮಾತ್ರ. ದೂರ ಕಡಿಮೆಯಾದ್ದರಿಂದ 13,000 ಸುತ್ತುಗಳಲ್ಲಿಯೂ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 22 ಮೀಟರುಗಳಲ್ಲಿಯೇ ಉಳಿಯುತ್ತದೆ. ಎರಡನೆಯದಾಗಿ, ಕನೆಕ್ಟಿಂಗ್ ರಾಡುಗಳನ್ನು ಉಕ್ಕಿಗಿಂತ ಬಹಳ ಹಗುರವಾದ ಟೈಟಾನಿಯಂನಿಂದ ಮಾಡಲಾಗಿದೆ.

ನನಗೆ ಅತ್ಯಂತ ಪ್ರಿಯವಾದ ಅಂಶವೆಂದರೆ ಇದರ ವಾಲ್ವುಗಳ ಜೋಡಣೆ. ನಾಲ್ಕು ವಾಲ್ವುಗಳಿರುವ ಸಾಮಾನ್ಯ ಸಿಲಿಂಡರ್ ಹೆಡ್ಡಿನಲ್ಲಿ ಗಾಳಿ ಒಳಬರುವ ಎರಡು ವಾಲ್ವುಗಳು ಒಂದಕ್ಕೊಂದು ಸಮಾನಾಂತರವಾಗಿರುತ್ತವೆ, ಹೊಗೆ ಹೊರಹೋಗುವ ಎರಡೂ ಹಾಗೆಯೇ. ಎಂವಿ ಅಗುಸ್ತಾದ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಈ ಜೋಡಿಗಳು ಸ್ವಲ್ಪವೇ ಕವಲೊಡೆದು, ಬಿಚ್ಚಿದ ಛತ್ರಿಯ ಕಡ್ಡಿಗಳಂತೆ ನಡುವಿನಿಂದ ಹೊರಮುಖವಾಗಿ ಹರಡಿಕೊಂಡಿವೆ. ಇದರಿಂದ ದಹನಕೋಣೆಯು ಅರ್ಧಗೋಲದ ಆಕಾರಕ್ಕೆ ಹತ್ತಿರವಾಗಿ ಮಿಶ್ರಣವು ಚೆನ್ನಾಗಿ ಉರಿಯುತ್ತದೆ. ಆದರೆ ವಾಲ್ವುಗಳನ್ನು ಒತ್ತಿ ತೆರೆಯುವ ನೇರವಾದ ಕ್ಯಾಮ್ ದಂಡವು ಓರೆಯಾಗಿ ನಿಂತ ವಾಲ್ವನ್ನು ಸರಿಯಾಗಿ ಒತ್ತಬೇಕಾದರೆ ಕ್ಯಾಮಿನ ಉಬ್ಬುಗಳನ್ನೂ ಓರೆಯಾಗಿ ಅರೆಯಬೇಕಾಗುತ್ತದೆ. ಆ ಕೆಲಸ ದುಬಾರಿ, ಅದರ ನಿಖರತೆಯ ಬೇಡಿಕೆಯೂ ಕಠಿಣ. ಹೊರಗಿನಿಂದ ಯಾರಿಗೂ ಕಾಣದ ಜಾಗದಲ್ಲಿ ಇಷ್ಟು ಶ್ರಮ ಹಾಕಿರುವುದನ್ನು ನಾನು ಆ ಚಿನ್ನದ ಲೇಪಕ್ಕಿಂತ ದೊಡ್ಡದೆಂದು ಗೌರವಿಸುತ್ತೇನೆ.

ಪ್ರಶ್ನೆ: ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗವನ್ನು ಕಂಪನಿ ಹೇಳಿಕೊಂಡಿದೆ. ಗಾಳಿಯನ್ನು ಸೀಳುವ ಹೊದಿಕೆಯಿಲ್ಲದ ಬೈಕಿನಲ್ಲಿ ಅದು ಸಾಧ್ಯವೇ?

ಉತ್ತರ: ಎಂಜಿನ್ನಿಗೆ ಸಾಧ್ಯ, ಸವಾರನಿಗೆ ಅದು ಕೆಲವೇ ಕ್ಷಣಗಳ ಮಾತು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿಯೂ, ಅದನ್ನು ಮೀರಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿಯೂ ಏರುವುದರಿಂದ, 150 ಕಿಲೋಮೀಟರ್ ವೇಗದಲ್ಲಿ ಗಾಳಿಗಾಗಿ ವ್ಯಯವಾಗುವ ಶಕ್ತಿಯ ಎಂಟು ಪಟ್ಟು 300ರಲ್ಲಿ ಬೇಕಾಗುತ್ತದೆ. ಆ ಗಾಳಿಯ ದೊಡ್ಡ ಪಾಲು ಬಡಿಯುವುದು ಸವಾರನ ಎದೆಗೆ ಮತ್ತು ಹೆಲ್ಮೆಟ್ಟಿಗೆ. ಹಾಗೆ ಹಿಂದಕ್ಕೆ ತಳ್ಳಲ್ಪಟ್ಟ ಸವಾರನು ಹ್ಯಾಂಡಲನ್ನು ಎಳೆದು ಹಿಡಿದಾಗ ಮುಂದಿನ ಚಕ್ರದ ಮೇಲಿನ ಭಾರ ಇನ್ನಷ್ಟು ಕಡಿಮೆಯಾಗುತ್ತದೆ. ಬದಿಗಳಲ್ಲಿ ಸಣ್ಣ ರೆಕ್ಕೆಗಳನ್ನೂ, ಮುಂದಿನ ಚಕ್ರ ನೆಲಬಿಟ್ಟು ಏಳದಂತೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆಯನ್ನೂ ಕೊಟ್ಟಿರುವುದು ಈ ಕಾರಣಕ್ಕಾಗಿಯೇ. ಈ ಬೈಕಿನ ನಿಜವಾದ ಸಂತೋಷ ಇರುವುದು ತಿರುವು ಮುಗಿದು ಥ್ರಾಟಲ್ ತೆರೆಯುವ ಆ ಘಳಿಗೆಯಲ್ಲಿ, ರೇಸ್ ಟ್ರ್ಯಾಕಿನಂತಹ ಸುರಕ್ಷಿತ ಜಾಗದಲ್ಲಿ. ಗರಿಷ್ಠ ವೇಗದ ಅಂಕಿಯನ್ನು ನೋಡಿ ಯಾರೂ ಇದನ್ನು ಆರಿಸಿಕೊಳ್ಳಬಾರದು.

ಪ್ರಶ್ನೆ: ಡುಕಾಟಿ ಸ್ಟ್ರೀಟ್‌ಫೈಟರ್ ವಿ4ಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?

ಉತ್ತರ: ಡುಕಾಟಿಯದು 1103 ಸಿಸಿಯ ವಿ ಆಕಾರದ ಎಂಜಿನ್, ಅದರ ವಾಲ್ವುಗಳನ್ನು ಮುಚ್ಚಲು ಸ್ಪ್ರಿಂಗಿನ ಬದಲು ಯಾಂತ್ರಿಕ ತೋಳುಗಳಿವೆ. ಕ್ರ್ಯಾಂಕ್ ದಂಡವು ಚಕ್ರಗಳ ಎದುರು ದಿಕ್ಕಿನಲ್ಲಿ ತಿರುಗುವುದರಿಂದ ಬೈಕನ್ನು ಬಾಗಿಸುವುದು ಸುಲಭವಾಗುತ್ತದೆ. ಮೊದಲ ಮಾದರಿಯಲ್ಲಿ ಶಕ್ತಿ ಅಲ್ಲಿಯೂ 208 ಅಶ್ವಶಕ್ತಿಯೇ. ಬ್ರುಟಾಲೆಯ ನಾಲ್ಕು ಸಿಲಿಂಡರುಗಳು ಒಂದೇ ಸಾಲಿನಲ್ಲಿದ್ದು, ಸುತ್ತುಗಳು ಏರಿದಂತೆ ಅದರ ಸ್ವಭಾವ ತೀಕ್ಷ್ಣವಾಗುತ್ತ ಹೋಗುತ್ತದೆ.

ಪ್ರಶ್ನೆ: ಇಂತಹ ಬೈಕನ್ನು ಓಡಿಸದೆ ಹಾಗೆಯೇ ಕಾದಿರಿಸಿದರೆ ಅದರ ಮೌಲ್ಯ ಉಳಿಯುತ್ತದೆಯಲ್ಲವೇ?

ಉತ್ತರ: ಕಾಗದದ ಮೇಲಿನ ಮೌಲ್ಯ ಉಳಿದೀತು; ಯಂತ್ರ ಮಾತ್ರ ನಿಂತಲ್ಲಿಯೇ ಹಾಳಾಗುತ್ತ ಹೋಗುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಹಳಸಿ ಇಂಜೆಕ್ಟರುಗಳಲ್ಲಿ ಅಂಟು ಕಟ್ಟುತ್ತದೆ. ಬ್ರೇಕ್ ದ್ರವ ಗಾಳಿಯ ತೇವಾಂಶವನ್ನು ಹೀರಿಕೊಳ್ಳುವುದರಿಂದ, ಬೈಕು ಒಂದು ಕಿಲೋಮೀಟರ್ ಓಡದಿದ್ದರೂ ಅದನ್ನು ಎರಡು ವರ್ಷಗಳಿಗೊಮ್ಮೆ ಬದಲಿಸಬೇಕು. ಬ್ಯಾಟರಿಗೆ ತಾನಾಗಿಯೇ ನಿಲ್ಲುವ ಚಾರ್ಜರನ್ನು ಜೋಡಿಸಿಡುವುದು ಒಳ್ಳೆಯದು. ಎಂಜಿನನ್ನು ವಾರಕ್ಕೊಮ್ಮೆ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ಅಭ್ಯಾಸ ಹಲವರಲ್ಲಿದೆ. ಎಣ್ಣೆ ಪೂರ್ತಿ ಬಿಸಿಯಾಗದೆ ಒಳಗೆ ನೀರಿನ ಅಂಶ ಸಾಂದ್ರವಾಗಿ ಉಳಿಯುವುದರಿಂದ ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಅದಕ್ಕೆ ಬದಲಾಗಿ ತಿಂಗಳಿಗೊಮ್ಮೆಯಾದರೂ, ಎಣ್ಣೆ ಬಿಸಿಯೇರುವವರೆಗೆ ಹೆಚ್ಚು ಸುತ್ತುಗಳಿಗೆ ಕೊಂಡೊಯ್ಯದೆ, ಸಾವಕಾಶವಾಗಿ ಒಂದು ಪೂರ್ಣ ಸವಾರಿ ಮಾಡಿ.

ಕಾರ್ಬನ್ ಚಕ್ರಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅಲ್ಯೂಮಿನಿಯಂ ಚಕ್ರವು ಪೆಟ್ಟು ತಿಂದರೆ ಬಗ್ಗಿ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಚಕ್ರದಲ್ಲಿ ಒಳಪದರಗಳು ಬಿಟ್ಟುಕೊಂಡಿದ್ದರೂ ಹೊರಮೈ ನಯವಾಗಿಯೇ ಇರಬಹುದು. ಗುಂಡಿಯೊಂದಕ್ಕೆ ಬಲವಾಗಿ ಬಡಿದ ಮೇಲೆ ಬಲ್ಲವರಿಂದ ಪರೀಕ್ಷಿಸದೆ ಮುಂದೆ ಓಡಿಸಬಾರದು. ವರ್ಷಗಟ್ಟಲೆ ನಿಂತಿದ್ದ ಬೈಕನ್ನು ಕೊಳ್ಳುವವರು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನು ಓದಲಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಮೇಲಿನ ಸಣ್ಣ ರಬ್ಬರ್ ಮುಳ್ಳುಗಳು ಹೊಸದರಂತೆಯೇ ನಿಂತಿದ್ದರೂ ಅಷ್ಟು ಹಳೆಯ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. 208 ಅಶ್ವಶಕ್ತಿಯನ್ನು ಅದರ ಮೇಲೆ ಬಿಡುವ ಮುನ್ನ ಎರಡೂ ಟೈರುಗಳನ್ನು ಬದಲಿಸಲೇಬೇಕು.