ಮೊಮೊ ಅಂತಲೇ ಬರೆಯಿರಿ

ಪತ್ರ: ನಮ್ಮ ಊರು ಸಕಲೇಶಪುರದ ಹತ್ತಿರ. ಹಾಸನದಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದೇನೆ. ಜುಲೈನಲ್ಲಿ 21 ತುಂಬಿತು. ರಾತ್ರಿ ಹನ್ನೆರಡಕ್ಕೆ ಗೆಳತಿಯರು ಕೇಕ್ ತಂದು, ಮುಖಕ್ಕೆಲ್ಲ ಬಳಿದು, ಸ್ನೋ ಸ್ಪ್ರೇ ಹೊಡೆದರು. ಸಂಜೆ ಎಲ್ಲರೂ ಮೊಮೊ ತಿಂದೆವು. ಭಾನುವಾರ ಊರಿಗೆ ಹೋದರೆ ಅಜ್ಜಿ ಎಣ್ಣೆ ಸ್ನಾನ ಮಾಡಿಸಿ, ಆರತಿ ಎತ್ತಿ, ಕಡುಬು, ಕಳಲೆ ಸಾರು ಬಡಿಸಿದರು. ಈಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ‘ನನ್ನ ಇಷ್ಟದ ತಿಂಡಿ, ಇಷ್ಟದ ಹಾಡು’ ಅಂತ ಬರೆದುಕೊಡಬೇಕು. ಮೊಮೊ, ಕೊರಿಯಾದ ಹಾಡಿನ ತಂಡ ಬಿಟಿಎಸ್, ಕನ್ನಡ ರ‍್ಯಾಪ್ ಅಂತ ಬರೆದರೆ ಇವಳು ಈ ಕಡೆಯವಳೇ ಅಲ್ಲ ಅಂತಾರೇನೋ. ಮುದ್ದೆ, ಭಾವಗೀತೆ ಅಂತ ಬರೆದುಬಿಡಲಾ? — ಓದುಗಿ, ಹಾಸನ

ಉತ್ತರ: ಹುಟ್ಟುಹಬ್ಬದ ಶುಭಾಶಯಗಳು. ಮುದ್ದೆ ಅಂತ ಬರೆಯಬೇಡಿ.

ಮುದ್ದೆ ಒಳ್ಳೆಯ ಊಟ. ಆದರೆ ಅದು ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಕಡೆಯ ಮನೆಗಳ ದಿನದ ಊಟ. ನಿಮ್ಮ ಸಕಲೇಶಪುರದ ಕಡೆ ಅಕ್ಕಿ ರೊಟ್ಟಿ, ಕಡುಬಿನದೇ ರಾಜ್ಯ. ‘ಊರಿನವಳು’ ಅನ್ನಿಸಿಕೊಳ್ಳಲು ನಿಮ್ಮ ಮನೆಯದಲ್ಲದ ಊಟವನ್ನು ಇಷ್ಟ ಅಂತ ಬರೆಯುವುದು ಯಾಕೆ?

ಇನ್ನು ಮೊಮೊ. ಅದು ಟಿಬೆಟ್‌ನವರ ತಿಂಡಿ, ಆದರೆ ಅಷ್ಟೇನೂ ದೂರದ್ದಲ್ಲ. ಟಿಬೆಟ್‌ನಿಂದ ಬಂದವರು 1960ರ ದಶಕದ ಆರಂಭದಿಂದ ಬೈಲಕುಪ್ಪೆಯಲ್ಲಿ ನೆಲೆಸಿದ್ದಾರೆ. ನಮ್ಮ ಅರಕಲಗೂಡು ಸೀಮೆ ದಾಟಿದರೆ ಬೈಲಕುಪ್ಪೆ ದೂರವೇನಲ್ಲ. ಇವತ್ತು ಹಾಸನದ ಹೆಮ್ಮೆ ಅನ್ನುವ ಆಲೂಗಡ್ಡೆ ಕೂಡ ದಕ್ಷಿಣ ಅಮೆರಿಕದ ಬೆಳೆ. ಮಳೆ ಶುರುವಾಗುವ ಹೊತ್ತಿಗೆ ಅದನ್ನು ನೆಟ್ಟು ಬದುಕುವ ರೈತನಿಗೆ ಅದು ಪರದೇಶದ್ದು ಅಂತ ಯಾರಾದರೂ ಹೇಳುತ್ತಾರಾ? ಒಂದು ಊರಿನವರು ಬೇಯಿಸಿ, ಮಾರಿ, ಇಷ್ಟಪಟ್ಟು ತಿಂದರೆ ಅದು ಆ ಊರಿನ ತಿಂಡಿಯೇ.

ಸಂಗೀತಕ್ಕೂ ಈ ಮಾತು ಸಲ್ಲುತ್ತದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣಕ್ಕೆ ಒಮ್ಮೆ ಹೋಗಿ ಬನ್ನಿ. ಸಣ್ಣ ಊರು, ಆದರೆ ಅಲ್ಲಿಂದ ಬಂದ ಕರ್ನಾಟಕ ಸಂಗೀತದ ವಿದ್ವಾಂಸರು ಬಹಳ ಮಂದಿ. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ಆ ಕಛೇರಿಗಳಲ್ಲಿ ಪಕ್ಕದಲ್ಲಿ ನುಡಿಯುತ್ತಿದ್ದ ಪಿಟೀಲು ಯೂರೋಪಿನದು. ಸುಮಾರು ಇನ್ನೂರು ವರ್ಷದ ಹಿಂದೆ ನಮ್ಮವರು ಅದನ್ನು ಕೈಗೆ ತೆಗೆದುಕೊಂಡು, ನೆಲದ ಮೇಲೆ ಕೂತು ನುಡಿಸುವುದನ್ನು ಕಂಡುಕೊಂಡರು. ಈಗ ಅದಿಲ್ಲದ ಕಛೇರಿಯನ್ನು ಊಹಿಸುವುದೇ ಕಷ್ಟ. ನಿಮ್ಮ ವಯಸ್ಸಿನ ಹುಡುಗರು ರ‍್ಯಾಪ್‌ನಲ್ಲಿ ಕನ್ನಡ ಹಾಡುತ್ತಿರುವುದು ನನಗೆ ಬಹಳ ಖುಷಿ ಕೊಡುತ್ತದೆ. ಹಾಗಾಗಿ ಬಿಟಿಎಸ್, ರ‍್ಯಾಪ್ ಎರಡನ್ನೂ ಧೈರ್ಯವಾಗಿ ಬರೆಯಿರಿ.

ಆದರೆ ಬರೀ ಹೆಸರು ಬರೆದು ಮುಗಿಸಬೇಡಿ. ಯಾವ ಬೀದಿಯ ಯಾವ ಗಾಡಿಯ ಮೊಮೊ? ಪ್ಲೇಟಿಗೆ ಎಷ್ಟು? ಆ ಕೆಂಪು ಚಟ್ನಿ ಎಷ್ಟು ಖಾರ? ಬಿಲ್ಲು ಯಾರು ಕೊಟ್ಟರು? ಹಾಡನ್ನು ಯಾರು ಮೊದಲು ಕೇಳಿಸಿದರು? ಬಸ್ಸಿನಲ್ಲಿ ಕೇಳುತ್ತೀರೋ, ಪಿಜಿಯಲ್ಲಿ ರಾತ್ರಿ ದೀಪ ಆರಿಸಿದ ಮೇಲೋ? ಕೊರಿಯನ್ ಭಾಷೆ ಬರದಿದ್ದರೂ ಯಾವ ಸಾಲಿಗೆ ಕಣ್ಣು ತುಂಬುತ್ತದೆ? ಇಪ್ಪತ್ತೊಂದರ ಇಷ್ಟ ಮೂವತ್ತಕ್ಕೆ ಇರುವುದು ಕಡಿಮೆ. ಬದಲಾದ ಮೇಲೆ, ಮೊದಲು ಏನು ಇಷ್ಟವಿತ್ತು ಅನ್ನುವುದೂ ಸರಿಯಾಗಿ ನೆನಪಾಗುವುದಿಲ್ಲ. ಅದಕ್ಕೇ ಈಗಲೇ ಬರೆದಿಡಬೇಕು. ಹಾಸನದಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ಈ ವರ್ಷ ಏನು ತಿಂದಳು, ಏನು ಕೇಳಿದಳು ಅನ್ನುವುದು ಬೇರೆಲ್ಲೂ ದಾಖಲಾಗುವುದಿಲ್ಲ.

ಕೇಕಿನ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಆ ಸ್ನೋ ಸ್ಪ್ರೇ ಡಬ್ಬಿಯಲ್ಲಿ ನೊರೆಯನ್ನು ಹೊರಗೆ ತಳ್ಳುವುದು ಸಾಮಾನ್ಯವಾಗಿ ಬ್ಯೂಟೇನ್, ಪ್ರೊಪೇನ್ ಅನಿಲ. ಅಡುಗೆ ಸಿಲಿಂಡರಿನಲ್ಲಿ ಇರುವುದೂ ಅದೇ. ಉರಿಯುವ ಮೇಣದಬತ್ತಿಯ ಹತ್ತಿರ ಹೊಡೆದರೆ ಕೂದಲಿಗೆ, ಬಟ್ಟೆಗೆ ಬೆಂಕಿ ಹತ್ತಲು ಒಂದು ಕ್ಷಣ ಸಾಕು. ಮುಖವನ್ನು ಕೇಕಿಗೆ ಅದುಮುವುದೂ ಬೇಡ. ಎರಡು ಅಂತಸ್ತಿನ ಕೇಕುಗಳು ಕುಸಿಯದಿರಲು ಒಳಗೆ ಕಡ್ಡಿ ಚುಚ್ಚಿರುತ್ತಾರೆ, ಕಣ್ಣಿಗೆ ಅಪಾಯ. ಕೇಕನ್ನು ತಿನ್ನಿ, ತಿನ್ನಿಸಿ. ಮುಂದಿನ ಹುಟ್ಟುಹಬ್ಬ ಯಾವ ಗೆಳತಿಯದೋ, ಅವಳಿಗೂ ಇದನ್ನು ಹೇಳಿಬಿಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಅಜ್ಜಿ. ಕಳಲೆ ಸಾರು ಸುಮ್ನೆ ಆಗುವ ಅಡುಗೆ ಅಲ್ಲ. ಎಳೆ ಬಿದಿರನ್ನು ಹೆಚ್ಚಿ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಇರಬೇಕು. ಇಲ್ಲದಿದ್ದರೆ ಅದರ ಕಹಿ, ವಿಷದ ಅಂಶ ಹೋಗುವುದಿಲ್ಲ. ಅಂದರೆ ಭಾನುವಾರ ನೀವು ಬರುತ್ತೀರಿ ಅಂತ ಅಜ್ಜಿ ಗುರುವಾರ, ಶುಕ್ರವಾರವೇ ಕೆಲಸ ಶುರು ಮಾಡಿರಬೇಕು.

ಅವರ ಹುಟ್ಟುಹಬ್ಬ ಯಾವಾಗ? ಆ ತಲೆಮಾರಿನ ಎಷ್ಟೋ ಜನರಿಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಹುಟ್ಟಿದ ದಿನ. ಶಾಲೆಗೆ ಹೋಗದ ಹೆಣ್ಣುಮಕ್ಕಳಿಗೆ ಅದೂ ಇಲ್ಲ. ‘ಆ ದೊಡ್ಡ ಮಳೆಯ ವರ್ಷ’ ಅಂತಲೋ ‘ಕಾಫಿ ಕೊಯ್ಲಿನ ಹೊತ್ತು’ ಅಂತಲೋ ಹೇಳುತ್ತಾರೆ. ನಿನಗೆ ಯಾವ ತಿಂಡಿ ಇಷ್ಟ ಅಂತ ಇಪ್ಪತ್ತೊಂದರಲ್ಲಿ ಅವರನ್ನು ಕೇಳಿದವರು ಯಾರಾದರೂ ಇದ್ದರಾ? ಮನೆಮಂದಿಗೆಲ್ಲ ಬಡಿಸಿದ ಮೇಲೆ ಉಳಿದದ್ದೇ ಅವರ ಊಟವಾಗಿರಬಹುದು. ನಿಮ್ಮನ್ನು ಕೇಳುವವರಿದ್ದಾರೆ. ಅದಕ್ಕೇ ಆ ಪ್ರಶ್ನೆಗೆ ಸುಳ್ಳು ಉತ್ತರ ಕೊಡಬೇಡಿ ಅನ್ನುತ್ತಿದ್ದೇನೆ.

ಮುಂದಿನ ಸಲ ಊರಿಗೆ ಹೋದಾಗ ಅದೇ ಎರಡು ಪ್ರಶ್ನೆಯನ್ನು ಅಜ್ಜಿಗೂ ಕೇಳಿ. ನಾಟಿ ಮಾಡುವಾಗ ಮಲೆನಾಡಿನ ಗದ್ದೆಗಳಲ್ಲಿ ಹೆಂಗಸರು ಹಾಡುತ್ತಿದ್ದರು. ಗದ್ದೆಗಳು ಕಾಫಿ, ಅಡಿಕೆ ತೋಟಗಳಾದ ಮೇಲೆ ಆ ಹಾಡುಗಳು ಕೇಳಿಸುವುದು ಕಡಿಮೆಯಾಗಿದೆ. ಅಜ್ಜಿಗೆ ಒಂದೆರಡು ಬರಬಹುದು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮ ಹಾಡನ್ನೂ ಅವರಿಗೆ ಕೇಳಿಸಿ, ಏನಂದರು ಅಂತ ಬರೆದುಕೊಳ್ಳಿ.

ಕಾಲೇಜಿನ ಸಂಚಿಕೆಯಲ್ಲಿ ಜಾಗ ಸಾಲದಿದ್ದರೆ ನಮಗೆ ಕಳಿಸಿ, ಎರಡು ಪುಟ ಇಟ್ಟಿರುತ್ತೇನೆ. ಹಾಡಿನ ಸಾಲುಗಳನ್ನು ಅಜ್ಜಿ ಹೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.

— ಸಂಪಾದಕ